ಕಾಫಿ ಊದಿದರೆ ಕಣ್ಣು ಮುಚ್ಚುತ್ತದೆ

ಬಸವನಗುಡಿಯ ಗೃಹಿಣಿಯೊಬ್ಬರ ಪತ್ರ. ಐದು ತಿಂಗಳ ಹಿಂದೆ ಮುಖದ ಬಲಭಾಗ ಸೋತಿತು. ಡಾಕ್ಟರು ಬೆಲ್ಸ್ ಪಾಲ್ಸಿ ಎಂದರು. ಈಗ ಬಾಯಿ ನೆಟ್ಟಗಾಗಿದೆ. ಆದರೆ ಬಿಸಿ ಕಾಫಿ ಊದಲು ತುಟಿ ಚೂಪು ಮಾಡಿದರೆ ಬಲಗಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ಪಕ್ಕದ ಮನೆಯವರ ಮಾತು ಕೇಳಿ ದಿನಾ ಬಲೂನು ಊದುತ್ತಿದ್ದಾರಂತೆ.

ಬಲೂನನ್ನು ಇವತ್ತೇ ಬಿಡಬೇಕು.

1821ರಲ್ಲಿ ಚಾರ್ಲ್ಸ್ ಬೆಲ್ ವಿವರಿಸಿದ ಮುಖದ ನರ ಕಿವಿಯ ಬಳಿ ಮೂಳೆಯ ಇಕ್ಕಟ್ಟಾದ ಕೊಳವೆಯೊಳಗೆ ಹಾದು ಬರುತ್ತದೆ. ಊದಿಕೊಂಡರೆ ಅಲ್ಲೇ ಅದುಮಿಹೋಗುತ್ತದೆ. ಮತ್ತೆ ಚಿಗುರುವಾಗ ತುಟಿಗೆ ಹೋಗಬೇಕಾದ ಕೆಲವು ಎಳೆಗಳು ರೆಪ್ಪೆಗೆ ಸೇರಿಬಿಡುತ್ತವೆ. ಹಳೇ ವಠಾರದಲ್ಲಿ ಅಡುಗೆಮನೆ ಸ್ವಿಚ್ ಒತ್ತಿದರೆ ನಡುಮನೆ ದೀಪ ಹತ್ತಿದ ಹಾಗೆ. ಇದೇ ಸಿಂಕೈನೇಸಿಸ್. ಮುಖವನ್ನು ಜೋರಾಗಿ ಹಿಂಡಿದಷ್ಟೂ ಈ ಚಾಳಿ ಬಲಿಯುತ್ತದೆ.

ತಿಳಿದ ಫಿಸಿಯೋಥೆರಪಿಸ್ಟ್ ಮಾಡಿಸುವುದು ನಿಧಾನದ ಕೆಲಸ. ಕೈ ತೊಳೆದು ಹೆಬ್ಬೆರಳನ್ನು ಕೆನ್ನೆಯೊಳಗೆ, ಎರಡು ಬೆರಳನ್ನು ಹೊರಗೆ ಇಟ್ಟು, ಬಿಗಿದ ಸ್ನಾಯುವನ್ನು ನೋಯದಷ್ಟು ಎಳೆದು ಹಿಡಿದು ಬಿಡುವುದು. ಆಮೇಲೆ ಕನ್ನಡಿಯ ಮುಂದೆ ತುಟಿಯನ್ನು ಕೂದಲೆಳೆಯಷ್ಟೇ ಮುಂದೆ ತರುವುದು. ರೆಪ್ಪೆ ಅಲುಗಿದ ಕೂಡಲೇ ನಿಲ್ಲಿಸುವುದು. ತಿಂಗಳುಗಟ್ಟಲೆ ಹಿಡಿಯುತ್ತದೆ, ಬೇಜಾರೂ ಆಗುತ್ತದೆ. ಅದಕ್ಕೂ ಬಗ್ಗದಿದ್ದರೆ ನರರೋಗ ತಜ್ಞರು ಬೊಟಾಕ್ಸ್ ಚುಚ್ಚುಮದ್ದು ಕೊಡುವುದುಂಟು.

ಮೊನ್ನೆ ಮೊನ್ನೆ ಮುಖ ಸೋತವರ ಲೆಕ್ಕ ಬೇರೆ. ಅವರಿಗೆ 72 ಗಂಟೆಯೊಳಗೆ ಸ್ಟೀರಾಯ್ಡ್ ಮಾತ್ರೆ ಶುರುವಾದರೆ ಒಳ್ಳೆಯದು. ಕೈಯೂ ಸೋತು ಮಾತೂ ತೊದಲಿದರೆ ಪಾರ್ಶ್ವವಾಯು ಇರಬಹುದು, ನೇರ ಎಮರ್ಜೆನ್ಸಿಗೆ ಓಡಬೇಕು. ಕಣ್ಣು ಪೂರ್ತಿ ಮುಚ್ಚದವರಿಗೆ ಹಗಲು ಕೃತಕ ಕಣ್ಣೀರಿನ ಹನಿ, ರಾತ್ರಿ ಮುಲಾಮು. ಕಣ್ಣು ಕೆಂಪಾಗಿ ಚುಚ್ಚಿದರೆ ಚಾಮರಾಜಪೇಟೆಯ ಮಿಂಟೋ ಆಸ್ಪತ್ರೆ ಹತ್ತಿರದಲ್ಲೇ ಇದೆ.