ತಂಬೂರಿಯ ಸಿಂಗಾರ

ಮಕ್ಕಳೇ, ಭಜನೆಯಲ್ಲಿ ತಂಬೂರಿಯ ನಾದ ಕೇಳಿರುವಿರಲ್ಲವೇ? ಜತ್ತದಿಂದ ಮಿರಜಕ್ಕೆ ಹೋದರೆ ತಂಬೂರಿ, ಸಿತಾರ ಮಾಡುವವರ ಓಣಿಯನ್ನೇ ನೋಡಬಹುದು. ೨೦೨೪ರಲ್ಲಿ ಈ ವಾದ್ಯಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು.

ತಂಬೂರಿಯ ಹೊಟ್ಟೆ ಯಾವುದು ಗೊತ್ತೇ? ಒಣಗಿದ ದೊಡ್ಡ ಸೋರೆಬುರುಡೆ! ಪಂಢರಪುರದ ಕಡೆಯ ಹೊಲಗಳಲ್ಲಿ ಇದನ್ನು ಬೆಳೆಯುತ್ತಾರೆ. ಬುರುಡೆಗೆ ಕಟ್ಟಿಗೆಯ ಕೊರಳು ಕೂಡಿಸಿದ ಮೇಲೆ ಸಿಂಗಾರದ ಕೆಲಸ.

ಮೊದಲು ಕಟ್ಟಿಗೆಯ ಎಲೆಗಳನ್ನು ಕೆತ್ತಿ ಬುರುಡೆಗೆ ಅಂಟಿಸುವರು. ಅಂಚಿಗೆ ಬಿಳಿ ಪಟ್ಟಿ ಕೂಡಿಸುವರು. ಹಿಂದೆ ಇದಕ್ಕೆ ಆನೆಯ ದಂತ ಬಳಸುತ್ತಿದ್ದರು. ಈಗ ಕಾಯದೆ ಅದನ್ನು ತಡೆದಿದೆ. ಪ್ಲಾಸ್ಟಿಕ್ ಪಟ್ಟಿ ಬಂದಿದೆ. ಆನೆಗಳು ಬದುಕಿದವು! ಪಟ್ಟಿಯ ಮೇಲೆ ಹೂಬಳ್ಳಿ ಕೊರೆದು, ಗೀರುಗಳಲ್ಲಿ ಬಣ್ಣ ತುಂಬಿ, ಹೆಚ್ಚಾದುದನ್ನು ಕೆರೆದು ತೆಗೆಯುವರು.

ಕೊನೆಗೆ ಪಾಲಿಶ್. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಬಟ್ಟೆ ಸುತ್ತಿದ ಅರಳೆಯ ಉಂಡೆಯಿಂದ ತೆಳ್ಳಗೆ ಸವರುವರು. ಒಣಗಿದ ಮೇಲೆ ಮತ್ತೆ ಸವರುವರು, ಮತ್ತೆ ಮತ್ತೆ. ಇಲ್ಲಿ ಅವಸರ ಸಲ್ಲದು. ಮಳೆಗಾಲದ ತೇವದಲ್ಲಿ ಸವರಿದರೆ ಹೊಳಪು ಬೆಳ್ಳಗೆ ಮಸಕಾಗುತ್ತದೆ. ದಪ್ಪಗೆ ಬಳಿದರೆ ನಾದವೇ ಕುಗ್ಗುತ್ತದೆ. ನೋಡಲು ಚೆಂದ, ಕೇಳಲು ಮಂದ! ಅಂಥ ತಂಬೂರಿ ಯಾರಿಗೆ ಬೇಕು?

ನಿಮ್ಮೂರಿನ ಭಜನೆಯ ತಂಬೂರಿಯನ್ನು ಹತ್ತಿರದಿಂದ ನೋಡಿರಿ. ಅದರ ಅಂಚಿನಲ್ಲಿ ಯಾವ ಚಿತ್ತಾರವಿದೆ?