ವಿಮೆಯ ಅಳತೆಗೋಲು ತಿಳಿದು ಕಂತು ಕಟ್ಟಿರಿ

ಹಾಸನ ತಾಲ್ಲೂಕಿನ ಸಾಲಗಾಮೆ ಹೋಬಳಿಯಲ್ಲಿ ಮಳೆಯನ್ನೇ ನಂಬಿ ರಾಗಿ, ಮುಸುಕಿನ ಜೋಳ ಬೆಳೆಯುವ ರೈತರಿದ್ದಾರೆ. ಕಂತು ಕಟ್ಟಿಯೂ ಬೆಳೆ ಹೋದ ವರ್ಷ ಪರಿಹಾರ ಬಾರದಿದ್ದರೆ, ವಿಮೆಯ ಮೇಲಿನ ನಂಬಿಕೆಯೇ ಹೋಗುವುದು ಸಹಜ. ನಷ್ಟವನ್ನು ಯಾವ ಅಳತೆಗೋಲಿನಿಂದ ಅಳೆಯುತ್ತಾರೆಂಬುದನ್ನು ಕಂತು ಕಟ್ಟುವ ಮೊದಲೇ ತಿಳಿದುಕೊಂಡರೆ ಈ ನಿರಾಶೆಯನ್ನು ಬಹುಮಟ್ಟಿಗೆ ತಪ್ಪಿಸಬಹುದು.

ವಿಮೆ ಎಂದರೇನು?

ಅನೇಕರು ಸ್ವಲ್ಪ ಸ್ವಲ್ಪ ಹಣ ಕೂಡಿಸಿ, ಅವರಲ್ಲಿ ನಷ್ಟಕ್ಕೊಳಗಾದ ಕೆಲವರಿಗೆ ನೆರವಾಗುವ ಕರಾರೇ ವಿಮೆ. ಇದು ಉಳಿತಾಯವಲ್ಲ, ನಷ್ಟವಾಗದಿದ್ದರೆ ಕಂತು ಹಿಂದಕ್ಕೆ ಬರುವುದಿಲ್ಲ. ಇದರಿಂದ ಲಾಭ ಮಾಡುವಂತೆಯೂ ಇಲ್ಲ. ಆದ ನಷ್ಟವನ್ನು ತುಂಬಿಕೊಡುವುದಷ್ಟೇ ಇದರ ಗುರಿ. ವಿಮೆ ಮಾಡಿಸುವವನಿಗೆ ಆ ಸ್ವತ್ತಿನಲ್ಲಿ ಹಿತಾಸಕ್ತಿ ಇರಬೇಕು ಮತ್ತು ಅವನು ವಿವರಗಳನ್ನು ಮುಚ್ಚಿಡದೆ ತಿಳಿಸಬೇಕು.

ಸ್ವತ್ತಿನ ವಿಮೆ: ಒಬ್ಬೊಬ್ಬರ ನಷ್ಟದ ಲೆಕ್ಕ

ಮನೆ, ಉಗ್ರಾಣ, ಪಂಪ್‌ಸೆಟ್, ರಾಸು ಇವುಗಳ ವಿಮೆಯಲ್ಲಿ ನಿಮ್ಮ ಸ್ವತ್ತಿಗೆ ಆದ ನಷ್ಟವನ್ನೇ ನೋಡುತ್ತಾರೆ. ಆದರೆ ಬೆಲೆಗಿಂತ ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸಿದರೆ ಸಾಮಾನ್ಯವಾಗಿ ಪರಿಹಾರವೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಉದಾಹರಣೆಗೆ, 2 ಲಕ್ಷ ರೂಪಾಯಿ ಬೆಲೆಯ ದಾಸ್ತಾನಿಗೆ 1 ಲಕ್ಷಕ್ಕೆ ಮಾತ್ರ ವಿಮೆ ಇದ್ದು, ಬೆಂಕಿಯಿಂದ 40,000 ರೂಪಾಯಿ ನಷ್ಟವಾದರೆ, ದೊರೆಯುವುದು 20,000 ರೂಪಾಯಿ.

ರಾಸಿನ ವಿಮೆಗೆ ಕಿವಿಯ ಬಿಲ್ಲೆಯೇ ಗುರುತು. ಬಿಲ್ಲೆ ಬಿದ್ದುಹೋದರೆ ತಡಮಾಡದೆ ತಿಳಿಸಿ ಹೊಸದನ್ನು ಹಾಕಿಸಿರಿ. ರಾಸು ಸತ್ತರೆ ಪಶುವೈದ್ಯರಿಂದ ಮರಣೋತ್ತರ ಪರೀಕ್ಷೆ ಮಾಡಿಸದೆ ಹೂಳಬೇಡಿರಿ.

ನಮ್ಮಿಂದ ಪರರಿಗಾಗುವ ಹಾನಿಗೆ ಹೊಣೆಗಾರಿಕೆ ವಿಮೆ ಬೇಕು. ರಸ್ತೆಗಿಳಿಯುವ ಟ್ರ್ಯಾಕ್ಟರಿಗೆ ಇಂತಹ ವಿಮೆ ಮೋಟಾರು ವಾಹನ ಕಾಯಿದೆಯ ಪ್ರಕಾರ ಕಡ್ಡಾಯ.

ಬೆಳೆ ವಿಮೆ: ಪ್ರದೇಶದ ಲೆಕ್ಕ

ಬೆಳೆ ವಿಮೆಯ ಅಳತೆಗೋಲು ಬೇರೆ. ಇಡೀ ಪ್ರದೇಶವನ್ನೇ ಒಂದು ಘಟಕವೆಂದು ಎಣಿಸುವ ವಿಚಾರಕ್ಕೆ ಮೈಸೂರು ಸಂಸ್ಥಾನದಲ್ಲಿಯೇ ಹಳೆಯ ಬೇರಿದೆ. ಸಂಸ್ಥಾನದ ಅಧಿಕಾರಿಯಾಗಿದ್ದ ಜೆ. ಎಸ್. ಚಕ್ರವರ್ತಿಯವರು 1920ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ, ಮಳೆಯ ಅಳತೆಯನ್ನು ಆಧರಿಸಿ ಒಂದು ಪ್ರದೇಶದ ರೈತರಿಗೆಲ್ಲ ಪರಿಹಾರ ನೀಡುವ ಯೋಜನೆಯನ್ನು ವಿವರಿಸಿದ್ದರು.

ಒಬ್ಬೊಬ್ಬ ರೈತನ ಹೊಲವನ್ನು ಅಳೆಯುವ ಪ್ರಯತ್ನವೂ ನಡೆದಿತ್ತು. 1972ರಿಂದ 1978ರವರೆಗೆ ಗುಜರಾತಿನ ಹತ್ತಿಯಿಂದ ಆರಂಭಿಸಿ ಕೆಲವು ರಾಜ್ಯಗಳಲ್ಲಿ ನಡೆದ ಈ ಪ್ರಯೋಗದಲ್ಲಿ ಸುಮಾರು 4.5 ಲಕ್ಷ ರೂಪಾಯಿ ಕಂತು ಬಂದರೆ, ಕೊಟ್ಟ ಪರಿಹಾರ ಸುಮಾರು 38 ಲಕ್ಷ ರೂಪಾಯಿ. ಅನಂತರ 1979ರ ಪ್ರಾಯೋಗಿಕ ಯೋಜನೆಯಿಂದ ಪ್ರದೇಶವಾರು ಪದ್ಧತಿ ಬಂತು. 2016ರ ಮುಂಗಾರಿನಲ್ಲಿ ಆರಂಭವಾದ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯ ಮುಖ್ಯ ಆಧಾರವೂ ಇದೇ. ಇದರಲ್ಲಿ ಆಹಾರ ಮತ್ತು ಎಣ್ಣೆಕಾಳು ಬೆಳೆಗಳಿಗೆ ರೈತರ ಪಾಲಿನ ಕಂತು, ವಿಮಾ ಮೊತ್ತದ ಮೇಲೆ ಮುಂಗಾರಿನಲ್ಲಿ ಶೇಕಡಾ 2, ಹಿಂಗಾರಿನಲ್ಲಿ ಶೇಕಡಾ 1.5.

ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿಯೇ ಘಟಕ. ಹಿಂದಿನ 7 ವರ್ಷಗಳಲ್ಲಿ ಉತ್ತಮವಾದ 5 ವರ್ಷಗಳ ಸರಾಸರಿ ಇಳುವರಿಯ ಶೇಕಡಾ 70, 80 ಅಥವಾ 90ರಷ್ಟನ್ನು ಖಾತರಿ ಇಳುವರಿ ಎನ್ನುತ್ತಾರೆ. ಆ ವರ್ಷದ ಇಳುವರಿಯನ್ನು ಮುಖ್ಯವಾಗಿ ಬೆಳೆ ಕಟಾವು ಪ್ರಯೋಗಗಳಿಂದ ತಿಳಿಯುತ್ತಾರೆ.

ಒಂದು ಮಾದರಿ ಲೆಕ್ಕ

ಒಂದು ಪಂಚಾಯಿತಿಯಲ್ಲಿ ಹೆಕ್ಟೇರಿಗೆ ರಾಗಿಯ ಸರಾಸರಿ 15 ಕ್ವಿಂಟಾಲ್. ಅದರ ಶೇಕಡಾ 80, ಅಂದರೆ 12 ಕ್ವಿಂಟಾಲ್, ಖಾತರಿ ಇಳುವರಿ. ವಿಮಾ ಮೊತ್ತ 40,000 ರೂಪಾಯಿ, ರೈತನ ಕಂತು 800 ರೂಪಾಯಿ ಎಂದಿಟ್ಟುಕೊಳ್ಳೋಣ. ಈ ವರ್ಷ ಪಂಚಾಯಿತಿಯ ಸರಾಸರಿ 9 ಕ್ವಿಂಟಾಲಿಗೆ ಇಳಿದರೆ ಕೊರತೆ 3 ಕ್ವಿಂಟಾಲ್, ಅಂದರೆ ಖಾತರಿಯ ಕಾಲು ಭಾಗ. ಆದ್ದರಿಂದ ಪರಿಹಾರ ಹೆಕ್ಟೇರಿಗೆ 10,000 ರೂಪಾಯಿ. ತನ್ನ ಹೊಲದಲ್ಲಿ 14 ಕ್ವಿಂಟಾಲ್ ಬೆಳೆದವನಿಗೂ ಇಷ್ಟೇ ದೊರೆಯುತ್ತದೆ. ಪಂಚಾಯಿತಿಯ ಸರಾಸರಿ 12.5 ಕ್ವಿಂಟಾಲ್ ಇದ್ದರೆ, ಕೇವಲ 4 ಕ್ವಿಂಟಾಲ್ ಬೆಳೆದವನಿಗೂ ಈ ಲೆಕ್ಕದಲ್ಲಿ ಏನೂ ಬರುವುದಿಲ್ಲ.

ಹೊಲದ ಮಟ್ಟದ ಪರಿಹಾರ

ಯೋಜನೆಯಲ್ಲಿ ಸೇರಿದ್ದರೆ, ಆಲಿಕಲ್ಲು ಮಳೆ, ಭೂಕುಸಿತದಂತಹ ಸ್ಥಳೀಯ ವಿಕೋಪಗಳಲ್ಲಿ ವಿಮೆ ಮಾಡಿಸಿದ ರೈತನ ಹೊಲವನ್ನೇ ಪರಿಶೀಲಿಸುತ್ತಾರೆ. ಕೊಯ್ದು ಹೊಲದಲ್ಲಿ ಒಣಗಲು ಹರಡಿದ ಬೆಳೆ 14 ದಿನಗಳೊಳಗೆ ಅಕಾಲಿಕ ಮಳೆಗೆ ಸಿಕ್ಕಿದರೂ ಹೀಗೆಯೇ. ಆದರೆ ನಷ್ಟವಾದ 72 ಗಂಟೆಗಳೊಳಗೆ ತಿಳಿಸಲೇಬೇಕು.

ಗಮನದಲ್ಲಿಡಬೇಕಾದ ಅಂಶಗಳು

1. ನಿಮ್ಮ ಬೆಳೆಗೆ ಘಟಕ ಪಂಚಾಯಿತಿಯೋ ಹೋಬಳಿಯೋ, ಖಾತರಿ ಇಳುವರಿ ಎಷ್ಟು ಎಂಬುದನ್ನು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ತಿಳಿಯಿರಿ.

2. ವಿಮೆ ಮಾಡಿಸಿದ ಬೆಳೆಯೇ ಬೆಳೆ ಸಮೀಕ್ಷೆಯಲ್ಲಿಯೂ ದಾಖಲಾಗಿದೆಯೇ ನೋಡಿರಿ. ರಾಗಿಗೆ ಕಂತು ಕಟ್ಟಿ, ದಾಖಲೆಯಲ್ಲಿ ಮುಸುಕಿನ ಜೋಳವಿದ್ದರೆ ತೊಂದರೆ ತಪ್ಪದು.

3. 2020ರ ಮುಂಗಾರಿನಿಂದ ಸಾಲ ಪಡೆದವರಿಗೂ ಬೆಳೆ ವಿಮೆ ಐಚ್ಛಿಕ. ಬ್ಯಾಂಕಿನವರು ಮಾಡಿಸಿರುತ್ತಾರೆಂದು ಸುಮ್ಮನಿರದೆ, ವಿಚಾರಿಸಿ ರಸೀದಿ ಪಡೆಯಿರಿ.

4. ನಿಮ್ಮೂರಿನಲ್ಲಿ ಬೆಳೆ ಕಟಾವು ಪ್ರಯೋಗ ನಡೆಯುವ ದಿನ ಹಾಜರಿರಿ. ಇಡೀ ಪಂಚಾಯಿತಿಯ ಪರಿಹಾರ ಆ ಕೆಲವು ತಾಕುಗಳ ತೂಕದ ಮೇಲೆ ನಿಂತಿರುತ್ತದೆ.

ಬೆಳೆ ವಿಮೆ ಊರಿಗೇ ಬಂದ ಬರಕ್ಕೆ ಆಸರೆ. ಒಬ್ಬನ ಹೊಲಕ್ಕೆ ಬಂದ ಎಲ್ಲ ಕಷ್ಟಕ್ಕೂ ಅಲ್ಲ. ಆದುದರಿಂದ ರೈತ ಬಾಂಧವರು ವಿಮೆ ಮಾಡಿಸಿದ ಮೇಲೂ ಸಕಾಲದ ಬಿತ್ತನೆ, ಸಸ್ಯ ಸಂರಕ್ಷಣೆ ಮತ್ತು ಮಿಶ್ರ ಬೆಳೆ ಪದ್ಧತಿಯನ್ನು ಕೈಬಿಡಬಾರದು.