ಅಕ್ಷರವಲ್ಲ, ಮಾತ್ರೆ ಎಣಿಸಿ

ಪ್ರಶ್ನೆ: ನನ್ನ ಕವಿತೆಯ ಮೊದಲೆರಡು ಸಾಲು: ‘ಮಳೆಯ ಹನಿಗಳು ನೆಲಕೆ ಬಿದ್ದವು / ಇಳೆಯ ಮೈಯಲಿ ಹಸಿರು ಮೂಡಿತು’. ಮೊದಲನೆಯದರಲ್ಲಿ 13 ಅಕ್ಷರ, ಎರಡನೆಯದರಲ್ಲಿ 12. ಛಂದಸ್ಸು ಕೆಟ್ಟಿತೇ?
– ಓದುಗರು, ಶಿರಸಿ

ಉತ್ತರ: ಕೆಟ್ಟಿಲ್ಲ. ನಿಮ್ಮದು ಮಾತ್ರಾಗಣದ ನಡೆ, ಇಲ್ಲಿ ಅಕ್ಷರದ ಲೆಕ್ಕ ನಡೆಯದು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ‘ಬಿದ್ದವು’ ಎಂಬಲ್ಲಿ ಮುಂದೆ ಒತ್ತಕ್ಷರ ಇರುವುದರಿಂದ ‘ಬಿ’ ಗುರು. ‘ಮೈ’, ‘ಮೂ’ ತಾವಾಗಿಯೇ ಗುರು. ಹೀಗೆ ಎಣಿಸಿದರೆ ಎರಡೂ ಸಾಲು 3+4+3+4, ಅಂದರೆ 14 ಮಾತ್ರೆ. ಇದು ಭಾಮಿನಿ ಷಟ್ಪದಿಯ 1, 2, 4, 5ನೇ ಸಾಲುಗಳ ಅಳತೆ. 3 ಮತ್ತು 6ನೇ ಸಾಲುಗಳಲ್ಲಿ 3+4ರ ಜೋಡಿ ಮೂರು ಸಲ ಬಂದು ಕೊನೆಗೊಂದು ಗುರು ಸೇರುತ್ತದೆ: 23 ಮಾತ್ರೆ. ಕುಮಾರವ್ಯಾಸ ತನ್ನ ಭಾರತವನ್ನು ಹೇಳಿದ್ದು ಈ ಅಳತೆಯಲ್ಲೇ. ಸಾಲು ಉದ್ದವಾಗುವ ಆ ಎರಡು ಕಡೆ ಕವಿ ಏನನ್ನು ಇಡುತ್ತಾನೆ ಎಂದು ನೋಡಿ. ಛಂದಸ್ಸಿನ ವಿಶ್ಲೇಷಣೆ ಶುರುವಾಗುವುದು ಅಲ್ಲಿ.

ಪ್ರಶ್ನೆ: ‘ಮಳೆಯ’, ‘ಇಳೆಯ’ ಎಂದು ಬಂದ ಪದ್ಯದಲ್ಲಿ ಮುಂದಿನ ಸಾಲನ್ನು ‘ಬಾಳ’ ಎಂದು ಆರಂಭಿಸಬಹುದೇ? ‘ಳ’ ಇದೆಯಲ್ಲ!
– ವಿದ್ಯಾರ್ಥಿನಿ, ಧಾರವಾಡ

ಉತ್ತರ: ಗಣಕ್ಕೆ ತೊಂದರೆಯಿಲ್ಲ, ‘ಬಾಳ’ ಕೂಡ ಮೂರೇ ಮಾತ್ರೆ. ಆದರೆ ಪ್ರಾಸ ತಪ್ಪುತ್ತದೆ. ಆದಿಪ್ರಾಸದಲ್ಲಿ ಪ್ರತಿ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿದ್ದರೆ ಸಾಲದು, ಅದರ ಹಿಂದಿನ ಅಕ್ಷರದ ತೂಕವೂ ಹೊಂದಬೇಕು. ‘ಮಳೆ’ಯಲ್ಲಿ ಹಿಂದಿರುವುದು ಹ್ರಸ್ವ, ಆದ್ದರಿಂದ ಸಿಂಹಪ್ರಾಸ. ‘ಬಾಳ’ದಲ್ಲಿ ದೀರ್ಘ, ಅದು ಗಜಪ್ರಾಸ. ‘ಗೆಳೆಯ’, ‘ಎಳೆಯ’ ಆದರೆ ಸರಿ. ವ್ಯಂಜನದ ಮೇಲಿನ ಸ್ವರ ಬದಲಾದರೆ ದೋಷವಿಲ್ಲ.

ಅಂತ್ಯಪ್ರಾಸ ಕನ್ನಡದಲ್ಲಿ ಸುಲಭ. ‘ಬಂದಿತು, ಹೋಯಿತು, ಮೂಡಿತು’ ಎಂದು ಕ್ರಿಯಾಪದದ ಪ್ರತ್ಯಯವೇ ಆ ಕೆಲಸ ಮಾಡಿಕೊಡುತ್ತದೆ. ಆದಿಪ್ರಾಸ ಹಾಗಲ್ಲ, ಪದವನ್ನೇ ಹುಡುಕಬೇಕು. ಆ ಹುಡುಕಾಟದಲ್ಲಿ ಅರ್ಥ ಬಲಿಯಾಗುವುದೂ ಉಂಟು. 1911ರಲ್ಲಿ ಗೋವಿಂದ ಪೈ ಪ್ರಾಸವನ್ನು ಬಿಟ್ಟುಕೊಟ್ಟದ್ದು ಆಗ ದೊಡ್ಡ ಸುದ್ದಿಯಾಯಿತು. ಹೊಸ ಕವಿತೆಯಲ್ಲಿ ಪ್ರಾಸ ಕಂಡರೆ ಅದು ಕಟ್ಟಳೆಯಲ್ಲ, ಕವಿಯ ಆಯ್ಕೆ ಎಂದೇ ಓದಿ.

ಪ್ರಶ್ನೆ: ಒಂದೇ ಸಾಲು ಮರಳಿ ಮರಳಿ ಬರುವ ಕವಿತೆಯ ಬಗ್ಗೆ ಏನು ಬರೆಯಲಿ?
– ಉಪನ್ಯಾಸಕರು, ಹಾಸನ

ಉತ್ತರ: ‘ಪಲ್ಲವಿ ಇದೆ, ಇಂಪಾಗಿದೆ’ ಎಂದಷ್ಟೇ ಬರೆದರೆ ಅದು ವಿಮರ್ಶೆಯಾಗದು. ಪ್ರತಿ ಸಲ ಬಂದಾಗ ಆ ಸಾಲಿನ ದನಿ ಬದಲಾಗಿದೆಯೇ ಎಂದು ಕೇಳಿಕೊಳ್ಳಿ. ಬಸವಣ್ಣನ ವಚನಗಳಿಗೆ ಕಟ್ಟುನಿಟ್ಟಾದ ಗಣವಿಲ್ಲ, ಆದರೆ ‘ಕೂಡಲಸಂಗಮದೇವ’ ಅಂಕಿತ ತಪ್ಪದೆ ಬರುತ್ತದೆ. ಒಂದೆಡೆ ಅದು ಮೊರೆ, ಇನ್ನೊಂದೆಡೆ ಜಗಳ, ಮತ್ತೊಂದೆಡೆ ಸಾಕ್ಷಿ. ಮರಳುವ ಸಾಲನ್ನು ಕೈಯಿಂದ ಮುಚ್ಚಿ ಓದಿ ನೋಡಿ. ಏನೂ ಕಳೆದುಹೋಗದಿದ್ದರೆ ಅದು ಬರೀ ಭರ್ತಿ.

ಮೂವರಿಗೂ ಒಂದು ಮಾತು: ಮೊದಲು ಗಟ್ಟಿಯಾಗಿ ಓದಿ, ಆಮೇಲೆ ಲಘು-ಗುರು ಗುರುತಿಸಿ ಪ್ರಸ್ತಾರ ಹಾಕಿ. ಕಿವಿಗೆ ಕೇಳಿಸಿದ್ದಕ್ಕೆ ಲೆಕ್ಕ ಕಾರಣ ಹೇಳಬೇಕೇ ಹೊರತು, ಕಿವಿಯ ಬದಲಿಗೆ ಲೆಕ್ಕವೇ ಓದಬಾರದು.